ಎಡ ಭುಜದ ಮದ್ದು

ಕಾರ್ಕಳದಲ್ಲಿ ಕಲ್ಲಿಗೆ ಕಿವಿ ಕೊಡುವವರು ಇದ್ದದ್ದು ಮೂರೇ ಜನ. ಒಬ್ಬ ಸತ್ತ. ಇನ್ನೊಬ್ಬ ಮಗಳ ಮನೆ ಸೇರಿ ಮೊಮ್ಮಕ್ಕಳ ಅಳು ಕೇಳುತ್ತ ಕೂತ. ಮೂರನೆಯವನು ನಾನು, ಸುಂದರ. ನಿಜ ಹೇಳಬೇಕೆಂದರೆ ಮೊದಲಿನ ಇಬ್ಬರನ್ನು ಸೌಜನ್ಯಕ್ಕೆ ಸೇರಿಸಿದ್ದೇನೆ.

ಮೂರ್ತಿಗೆ ಕಲ್ಲು ಆರಿಸುವಾಗ ಸಣ್ಣ ಸುತ್ತಿಗೆಯಿಂದ ಬಡಿದು ನೋಡಬೇಕು. ಒಳಗೆ ಗಟ್ಟಿ ಇರುವ ಕಲ್ಲು ಗಂಟೆಯ ಹಾಗೆ ಕೂಗುತ್ತದೆ. ಬಿರುಕೋ ಮಣ್ಣಿನ ಎಳೆಯೋ ಇದ್ದರೆ ಒಡಕು ಮಡಕೆಯ ಹಾಗೆ ಗೊಣಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನನ್ನ ಕಿವಿಯ ಸಂಗತಿಯೇ ಬೇರೆ. ನಾನು ಬಡಿದರೆ ಕಲ್ಲು ತನ್ನ ಜಾತಕ ಹೇಳುತ್ತಿತ್ತು. ನೆಲ್ಲಿಕಾರಿನಲ್ಲಿ ಕಲ್ಲು ಲಾರಿ ಹತ್ತುವ ಸದ್ದನ್ನು ಕಾರ್ಕಳದಲ್ಲಿ ಚಹಾ ಕುಡಿಯುತ್ತ ಕೇಳಿ, “ಮೂರನೆಯದನ್ನು ಅಲ್ಲೇ ಇಳಿಸಿ ಬಾ” ಎಂದು ಡ್ರೈವರನಿಗೆ ಫೋನ್ ಮಾಡಿದ್ದೇನೆ. ನಂಬದವರು ಅವನನ್ನೇ ಕೇಳಬಹುದು. ಈಗ ಮಸ್ಕತ್‌ನಲ್ಲಿದ್ದಾನೆ.

ಕಸುಬಿನ ಗುಟ್ಟು ಹೊರಗೆ ಹೇಳಬಾರದು ಎಂಬ ಕಟ್ಟುಪಾಡು ಉಂಟು. ಕಟ್ಟುಪಾಡು ಮಾಡಿದವರೆಲ್ಲ ಸತ್ತಿದ್ದಾರೆ, ಹಾಗಾಗಿ ಹೇಳುತ್ತೇನೆ. ಮಣಿಪಾಲದ ಹತ್ತಿರದ ಒಂದು ರೆಸಾರ್ಟಿನ ಬಾಗಿಲಲ್ಲಿ ನಾನೂರು ವರ್ಷ ಹಳೆಯ ದ್ವಾರಪಾಲಕ ನಿಂತಿದ್ದಾನಲ್ಲ, ಅವನಿಗೆ ಆ ನಾನೂರು ವರ್ಷವನ್ನು ನಾನು ನಲವತ್ತು ದಿನದಲ್ಲಿ ಕೊಟ್ಟದ್ದು. ಚಹಾದ ಕಷಾಯ, ಸೆಗಣಿ, ಮೇಲಿಂದ ಒಂದು ಒಳ್ಳೆಯ ಮಳೆ. ಪರ್ಕಳದ ಒಂದು ಫ್ಲಾಟಿನ ಲಾಬಿಯಲ್ಲಿರುವ ಬುದ್ಧನಿಗೆ ಎರಡು ಸಲ ಮೂಗು ಹೋಗಿತ್ತು. ಈಗ ಅವನ ಮುಖದಲ್ಲಿ ಕಾಣುವ ಶಾಂತಿ ಮೂರನೆಯ ಮೂಗಿನದು. ಒಪ್ಪೊತ್ತು ಊಟ ಮಾಡಿ ವ್ರತದಲ್ಲಿ ಕೆತ್ತಿದ್ದು ಎಂದು ಮಾರುವ ಮೂರ್ತಿಗಳಲ್ಲಿ ಅರ್ಧಕ್ಕರ್ಧ ಯಂತ್ರದ್ದು. ಸುಳ್ಳು ಅಂತ ಹೇಳುವ ಹಾಗಿಲ್ಲ, ಯಂತ್ರ ಒಪ್ಪೊತ್ತೂ ತಿನ್ನುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಮದ್ದು. ಕೆತ್ತುವಾಗ ಮೂರ್ತಿಯ ಬೆರಳು ಹಾರುತ್ತದೆ, ಕಿರೀಟದ ತುದಿ ಚಕ್ಕೆ ಏಳುತ್ತದೆ, ಕೂದಲಿನಷ್ಟು ಗೆರೆಯೊಂದು ಬಾಯಿ ಬಿಡುತ್ತದೆ. ಆಗ ಅದೇ ಕಲ್ಲಿನ ಹುಡಿಯನ್ನು ಬಟ್ಟೆಯಲ್ಲಿ ಸೋಸಿ ಅಂಟಿನಲ್ಲಿ ಕಲಸಿ ತುಂಬುತ್ತೇವೆ. ಅದಕ್ಕೆ ಮದ್ದು ಎನ್ನುತ್ತೇವೆ. ಅದೇ ಕಲ್ಲಿನ ಹುಡಿ ಆಗಬೇಕು. ಪಕ್ಕದ ಕಲ್ಲಿನದು ಹಾಕಿದರೆ ಎಣ್ಣೆ ಹಚ್ಚಿದ ದಿನ ಗೆರೆ ಹಲ್ಲು ಕಿರಿಯುತ್ತದೆ. ಮದ್ದು ತುಂಬುವುದರಲ್ಲಿ ಕನ್ಯಾಕುಮಾರಿಯವರೆಗೆ ನನ್ನ ಸಮ ಇಲ್ಲ. ನಾನು ತುಂಬಿದ ಗೆರೆಯನ್ನು ಕಲ್ಲಿಗೇ ತೋರಿಸಿದರೂ ಅದು “ನನ್ನದಲ್ಲ” ಎಂದೀತು.

ಅಲಂಕಾರದ ಮೂರ್ತಿಗೆ ಮದ್ದು ಹಾಕಬಹುದು. ಪೂಜೆಗೆ ಹೋಗುವುದಕ್ಕೆ ಹಾಕುವಂತಿಲ್ಲ. ಬಿರುಕು ಬಿಟ್ಟ ಮೂರ್ತಿಗೆ ಪೂಜೆ ಇಲ್ಲ, ಅದನ್ನು ಸಮುದ್ರಕ್ಕೋ ಹೊಳೆಗೋ ಬಿಟ್ಟುಬಿಡಬೇಕು. ಆ ಒಂದು ನಿಯಮವನ್ನು ಮಾತ್ರ ನಾನೂ ಮುದ್ದಣ್ಣನೂ ಮೂವತ್ತೊಂದು ವರ್ಷ ಮುರಿದಿರಲಿಲ್ಲ.

ಮುದ್ದಣ್ಣ ಕೆತ್ತುವವನು. ಅಲೆಕ್ಸಾಂಡರ್ ಎಂಬವರ ಕಲ್ಲಿನ ಅಂಗಳದಲ್ಲಿ ನಮಗಿಬ್ಬರಿಗೂ ಕೆಲಸ. ಗೇಟಿನ ಬಲಕ್ಕೆ ಸಮಾಧಿಯ ಕಲ್ಲುಗಳು, ಎಡಕ್ಕೆ ದೇವರುಗಳು. “ನನ್ನ ಗಿರಾಕಿಗಳು ಒಂದೋ ಮಲಗುತ್ತಾರೆ, ಒಂದೋ ನಿಲ್ಲುತ್ತಾರೆ, ಯಾರೂ ದೂರು ಹೇಳುವುದಿಲ್ಲ” ಎಂದು ಅಲೆಕ್ಸಾಂಡರ್ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಮುದ್ದಣ್ಣನ ಕೈ ಹೇಗಿತ್ತೆಂದರೆ, ಅವನು ಕೆತ್ತಿದ ಪಾರಿವಾಳವನ್ನು ಹಿಡಿಯಲು ನಮ್ಮ ಅಂಗಳದ ಬೆಕ್ಕು ಏಳು ದಿನ ಹೊಂಚು ಹಾಕಿತ್ತು. ಆದರೆ ದೇವಸ್ಥಾನದವರು ಹೆಸರುವಾಸಿ ಶಿಲ್ಪಿಗಳ ಹತ್ತಿರ ಹೋಗುತ್ತಾರೆ. ಮುದ್ದಣ್ಣನ ಗಣಪತಿಗಳು ಹೋಟೆಲಿನ ಕಾರಂಜಿಯಲ್ಲಿ ಕೂತರು, ಲಕ್ಷ್ಮಿಯರು ಲಿಫ್ಟಿನ ಪಕ್ಕ ನಿಂತರು. ಅವನು ಮಾಡಿದ ಒಂದು ಕಲ್ಲಿಗೂ ಯಾರೂ ಒಂದು ದೀಪ ತೋರಿಸಿರಲಿಲ್ಲ.

“ಒಂದು ಸಲ ಮಾರಾಯ,” ಎನ್ನುತ್ತಿದ್ದ. “ಒಂದೇ ಒಂದು ಗರ್ಭಗುಡಿಗೆ ಹೋಗಲಿ. ಒಳಗಿನ ಕತ್ತಲೆಯಲ್ಲಿ ನನ್ನ ಕೈಯ ಕೆಲಸಕ್ಕೆ ಆರತಿ ಎತ್ತುವುದನ್ನು ದೂರದಿಂದ ನೋಡಿದರೆ ಸಾಕು.”

ಎರಡು ವರ್ಷದ ಹಿಂದೆ, ನವರಾತ್ರಿ ಮುಗಿದ ವಾರ, ಮನೋರಮಾ ಟೀಚರ್ ಬಂದರು. ಕಾಪುವಿನಿಂದ ಒಳಗೆ ಎರಡು ಮೈಲಿ ದೂರದಲ್ಲಿ ಅವರ ಕುಟುಂಬದ ದುರ್ಗೆಯ ಗುಡಿಯನ್ನು ಹೊಸದಾಗಿ ಕಟ್ಟುತ್ತಿದ್ದರು. ಟೀಚರ್ ನಿವೃತ್ತ ಹೆಡ್‌ಮಿಸ್ಟ್ರೆಸ್. ಗುಡಿಯ ಸಮಿತಿಗೂ ಅವರೇ ಹೆಡ್‌ಮಿಸ್ಟ್ರೆಸ್. ದೊಡ್ಡ ಶಿಲ್ಪಿಗಳು ಎರಡು ವರ್ಷ ಕಾಯಿರಿ ಎಂದದ್ದರಿಂದ ನಮ್ಮ ಅಂಗಳಕ್ಕೆ ಬಂದಿದ್ದರು. ಮೂರಡಿಯ ದುರ್ಗೆ, ಒಂದೇ ಕಲ್ಲಿನದು, ಮೇ ತಿಂಗಳ ಪ್ರತಿಷ್ಠೆಗೆ.

“ವ್ರತ ಹಿಡಿದು ಕೆತ್ತುವವರು ಇದ್ದಾರಾ ನಿಮ್ಮಲ್ಲಿ?” ಎಂದು ಕೇಳಿದರು.

ಮುದ್ದಣ್ಣ ಕೂತಲ್ಲಿಂದ ಎದ್ದ. ಎದ್ದದ್ದಕ್ಕೇ ಕೆಮ್ಮು ಬಂತು. ಹೆಗಲ ಮೇಲಿನ ಬೈರಾಸಿನಲ್ಲಿ ಬಾಯಿ ಮುಚ್ಚಿಕೊಂಡು ಅದನ್ನು ನುಂಗಿದ. “ಇವತ್ತಿನಿಂದ ಮೀನು ಬಿಟ್ಟೆ, ಟೀಚರ್,” ಎಂದ. ಕಡಲ ಬದಿಯವನೊಬ್ಬ ಏಳು ತಿಂಗಳು ಮೀನು ಬಿಡುವುದೆಂದರೆ ಹಿಮಾಲಯದಲ್ಲಿ ಒಂಟಿ ಕಾಲಲ್ಲಿ ನಿಂತದ್ದಕ್ಕೆ ಸಮ. ಅದರಲ್ಲೂ ಅಪ್ಪಿ, ಅವನ ಹೆಂಡತಿ, ಮಾಡುವ ಬಂಗುಡೆ ಸಾರಿಗೆ ಅರಬ್ಬೀ ಸಮುದ್ರವೇ ಮನೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಟೀಚರ್ ಇನ್ನೊಂದು ಷರತ್ತು ಹಾಕಿದರು. “ಕಲ್ಲಿನ ಪರೀಕ್ಷೆ ನಮ್ಮ ಕುಟುಂಬದವರ ಎದುರೇ ಆಗಬೇಕು.”

“ಅದಕ್ಕೆ ಸುಂದರ ಇದ್ದಾನೆ,” ಎಂದರು ಅಲೆಕ್ಸಾಂಡರ್. “ಅವನ ಕಿವಿ ಅಂದರೆ ಕಿವಿ.”

ಈಗ ಈ ಕಥೆಯಲ್ಲಿ ನಾನು ಯಾರಿಗೂ ಹೇಳದ ಗುಟ್ಟನ್ನು ಹೇಳಬೇಕಾಗಿದೆ. ನನ್ನ ಕಿವಿ ಹೋಗಿತ್ತು. ಎರಡು ವರ್ಷವಾಗಿತ್ತು. ಪಾಲಿಶ್ ಯಂತ್ರ ಮೂವತ್ತು ವರ್ಷ ಕೂಗಿ ಕೂಗಿ ಎಡಗಿವಿಯನ್ನು ಪೂರ್ತಿ ತಿಂದು, ಬಲದಲ್ಲಿ ಒಂದು ಚೂರು ಉಳಿಸಿತ್ತು. ಮಾವನ ಮಗನನ್ನು ನೋಡಲು ಎಂದು ಮನೆಯಲ್ಲಿ ಹೇಳಿ ಮಣಿಪಾಲಕ್ಕೆ ಹೋಗಿ ತೋರಿಸಿದೆ. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಿ ಎಂದರು. ಆಚೆ ಕೂತ ಹುಡುಗಿ ಸದ್ದು ಬಿಡುವಾಗ ಅವಳ ಮೊಣಕೈ ತುಸು ಅಲ್ಲಾಡುತ್ತಿತ್ತು. ನಾನು ಮೊಣಕೈ ನೋಡಿ ಗುಂಡಿ ಒತ್ತಿದೆ. ನೂರಕ್ಕೆ ನೂರು ಬರುವುದರಲ್ಲಿತ್ತು. ಅವಳಿಗೆ ಸಂಶಯ ಬಂದು ಕುರ್ಚಿ ತಿರುಗಿಸಿದಳು. ಆಮೇಲೆ ನಾನು ಅವಳ ಬೆನ್ನು ನೋಡುತ್ತ ಸುಮ್ಮನೆ ಕೂತಿದ್ದೆ.

ಕಲ್ಲು ಕೇಳುವವನಿಗೆ ಕಿವಿ ಇಲ್ಲ ಎಂದಾದರೆ ಅವನು ಅಂಗಳ ಗುಡಿಸಬೇಕು. ನಾನು ಯಾರಿಗೂ ಹೇಳಲಿಲ್ಲ. ಎದುರಿನವರ ತುಟಿ ನೋಡಿ ಮಾತಾಡಲು ಕಲಿತೆ. ಕಲ್ಲನ್ನು ಎಡ ಅಂಗೈಯಲ್ಲಿ ಒತ್ತಿ ಹಿಡಿದು ಬಡಿದು, ಕೈಗೆ ಬರುವ ನಡುಕದ ಮೇಲೆ ಬದುಕಿದೆ. ಜತೆಗೆ ಮುದ್ದಣ್ಣನ ಮುಖ ನೋಡುತ್ತಿದ್ದೆ. ಕಲ್ಲು ಗೊಣಗಿದರೆ ಅವನ ಹುಬ್ಬು ತಾನಾಗಿ ಏಳುತ್ತಿತ್ತು.

ಪರೀಕ್ಷೆಯ ದಿನ ಆ ಹುಬ್ಬು ಮಣಿಪಾಲದಲ್ಲಿತ್ತು. ಕೆಮ್ಮು ಜೋರಾಗಿ ಅಪ್ಪಿ ಅವನನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿದ್ದಳು. ಇತ್ತ ಟೀಚರ್ ಹನ್ನೊಂದು ಜನರೊಂದಿಗೆ ಬಂದು ಕಲ್ಲಿನ ಸುತ್ತ ನಿಂತರು. ಎಲ್ಲರೂ ಉಸಿರು ಹಿಡಿದದ್ದು ನನಗೆ ಕಾಣುತ್ತಿತ್ತು. ಏಳು ಕಡೆ ಬಡಿದೆ. ಆರು ಕಡೆ ನಡುಕ ಸರಿ ಇತ್ತು. ಏಳನೆಯದರಲ್ಲಿ ಅಂಗೈಗೆ ಎಂತದೋ ಮಂದ, ರಗ್ಗಿನ ಮೇಲೆ ಬಡಿದ ಹಾಗೆ. ಅಲ್ಲೇ ನಿಲ್ಲಿಸಿ, ನಾಳೆ ಮುದ್ದಣ್ಣ ಬಂದು ಕೇಳಲಿ ಎನ್ನಬಹುದಿತ್ತು. ಹನ್ನೊಂದು ಜನರ ಎದುರು ನಾನು ಕಣ್ಣು ಮುಚ್ಚಿ, ತಲೆ ಆಡಿಸಿ, “ಗಂಟೆ!” ಎಂದೆ. “ಹೆಣ್ಣು ಕಲ್ಲು, ಟೀಚರ್, ದೇವಿಗೆ ಹೇಳಿ ಮಾಡಿಸಿದ್ದು. ಕಂಚಿನ ತಾಳದ ಸ್ವರ. ಇಂಥದ್ದು ನೂರು ವರ್ಷಕ್ಕೆ ಒಂದು ಸಿಕ್ಕಿದರೆ ಪುಣ್ಯ.”

ಟೀಚರ್ ಕಲ್ಲಿಗೆ ಕೈ ಮುಗಿದರು. ಅವರ ಹಿಂದಿನವರೂ ಮುಗಿದರು.

ಸಂಜೆ ಮುದ್ದಣ್ಣ ಬಸ್ಸಿಳಿದು ನೇರ ಅಂಗಳಕ್ಕೆ ಬಂದ. ಕಲ್ಲಿನ ಮೇಲೆ ಹೂವು ನೋಡಿ ಮುಖ ಅರಳಿತು. ಡಾಕ್ಟರು ಎಂತ ಹೇಳಿದರು ಎಂದು ಕೇಳಿದೆ.

“ಎಷ್ಟು ವರ್ಷದಿಂದ ಈ ಕೆಲಸ ಅಂತ ಕೇಳಿದರು. ಮೂವತ್ತೊಂದು ಅಂದೆ. ಎದೆಯಲ್ಲಿ ಕಲ್ಲಿನ ಹುಡಿ ತುಂಬಿದೆಯಂತೆ. ಇನ್ನು ಒಂದು ದಿನ ಕೂಡ ಆ ಹುಡಿಯಲ್ಲಿ ಕೂರಬೇಡ ಅಂದರು.”

“ಮತ್ತೆ?”

“ಮತ್ತೆ ಎಂತ? ನಾಳೆ ಬೆಳಿಗ್ಗೆ ಎಂಟಕ್ಕೆ ಶುರು ಮಾಡುವುದು.”

ಎದೆಯ ಹುಡಿಯ ಬಗ್ಗೆ ನಾನು ಬಡಾಯಿ ಕೊಚ್ಚುವುದಿಲ್ಲ. ಅದು ನಮ್ಮ ಕಸುಬಿನವರು ತಮ್ಮೊಳಗೂ ಹೇಳಿಕೊಳ್ಳದ ಗುಟ್ಟು. ಕಲ್ಲು ಕೊಯ್ಯುವಾಗ ಏಳುವುದು ಮೈದಾ ಹಿಟ್ಟಿಗಿಂತ ನುಣುಪು. ಬೈರಾಸು ಕಟ್ಟಿಕೊಂಡರೆ ಸಾಕು ಎಂದುಕೊಳ್ಳುತ್ತೇವೆ. ಸಾಲುವುದಿಲ್ಲ.

ಏಳು ತಿಂಗಳು ಅವನು ಕೆತ್ತಿದ. ಮೊದಲು ದಿನಕ್ಕೆ ಎಂಟು ಗಂಟೆ, ಆಮೇಲೆ ಐದು, ಕೊನೆಗೆ ಎರಡು. ಹತ್ತು ಪೆಟ್ಟು ಹಾಕಿ ಗೋಣಿಯ ಮೇಲೆ ಮಲಗಿ ಉಸಿರು ಕೂಡಿಸಿಕೊಳ್ಳುವುದು, ಮತ್ತೆ ಎದ್ದು ಹತ್ತು ಪೆಟ್ಟು. ಶಂಖ, ಚಕ್ರ, ಸೊಂಟದ ಪಟ್ಟಿಯ ಒಂದೊಂದು ಮಣಿ. ನೆಟ್ಟಗೆ ನೋಡಿದರೆ ದುರ್ಗೆಗೆ ಸಿಟ್ಟು, ಬದಿಯಿಂದ ನೋಡಿದರೆ ನಗು. ಅಷ್ಟು ದೊಡ್ಡ ಸುಳ್ಳುಗಾರನಾದ ನನಗೂ ಆ ಮುಖದ ಬಗ್ಗೆ ಸೇರಿಸಿ ಹೇಳಲು ಏನೂ ಉಳಿದಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಪಾಲಿಶ್ ಕೆಲಸ ನನಗೆ ಬಂತು. ನೀರು ಹೊಯ್ದು ಉಜ್ಜಿ, ಮಧ್ಯಾಹ್ನದ ಬಿಸಿಲಿಗೆ ಬಿಟ್ಟು ಊಟಕ್ಕೆ ಕೂತೆ. ತಿರುಗಿ ನೋಡುವಾಗ ಮೈಯೆಲ್ಲ ಒಣಗಿ ಬೂದಿ ಬಣ್ಣಕ್ಕೆ ಬಂದಿತ್ತು, ಎಡ ಭುಜದಿಂದ ಎದೆಯ ಕೆಳಗಿನವರೆಗೆ ಒಂದು ಗೆರೆ ಮಾತ್ರ ಕಪ್ಪಗೆ ಒದ್ದೆ ಉಳಿದಿತ್ತು. ಕೂದಲಿಗಿಂತ ತೆಳು. ಒಳಗೆ ಬಿರುಕಿದ್ದರೆ ಅದು ನೀರು ಕುಡಿಯುತ್ತದೆ, ಕುಡಿದದ್ದನ್ನು ನಿಧಾನ ಬಿಡುತ್ತದೆ. ಕೈಯಲ್ಲಿದ್ದ ತುತ್ತು ಹಾಗೆಯೇ ಉಳಿಯಿತು. ಪರೀಕ್ಷೆಯ ದಿನ ನನ್ನ ಅಂಗೈಗೆ ಮಂದವಾಗಿ ಸಿಕ್ಕಿದ್ದು ಇದೇ ಜಾಗ.

ಮುದ್ದಣ್ಣ ಗೋಣಿಯ ಮೇಲೆ ಮಲಗಿದ್ದ. ಮೂರ್ತಿಗೆ ಅಡ್ಡ ನಿಂತು ಮುಚ್ಚಲು ನೋಡಿದೆ.

“ಆಚೆ ಸರಿ ಮಾರಾಯ, ಅಡ್ಡ ನಿಲ್ಲಬೇಡ,” ಎಂದ. “ಗೊತ್ತುಂಟು ನನಗೆ.”

“ಎಂತ ಗೊತ್ತು?”

“ನಾಲ್ಕನೆಯ ವಾರದಲ್ಲೇ ಗೊತ್ತಾಯಿತು. ಎಡ ಭುಜಕ್ಕೆ ಉಳಿ ಇಟ್ಟರೆ ಒಡಕು ಮಡಕೆಯ ಸದ್ದು.”

“ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ಅಲ್ಲೇ ನಿಲ್ಲಿಸಬಹುದಿತ್ತಲ್ಲ!”

“ನಿಲ್ಲಿಸಿದರೆ ಕಲ್ಲು ಪಾಸು ಮಾಡಿದವರು ಯಾರು ಅಂತ ಕೇಳುತ್ತಾರೆ. ನಿನ್ನ ಕಿವಿಯ ವಿಷಯ ಹೊರಗೆ ಬರುತ್ತದೆ. ಎರಡು ವರ್ಷದಿಂದ ನಾನು ನಿನ್ನ ಕಡೆ ಮುಖ ತಿರುಗಿಸಿಯೇ ಮಾತಾಡುವುದು, ನಿನಗೆ ಗೊತ್ತಾಗಲಿಲ್ಲವಾ ದಡ್ಡ?”

ಇಡೀ ಅಂಗಳದಲ್ಲಿ ಅವನ ಮಾತು ಮಾತ್ರ ನನಗೆ ಯಾವಾಗಲೂ ಪೂರ್ತಿ ಸಿಗುತ್ತಿತ್ತು. ಸ್ನೇಹ ಅಂದರೆ ಹಾಗೆಯೇ ಎಂದುಕೊಂಡಿದ್ದೆ.

“ಮತ್ತೆ ಇನ್ನೊಂದು ಕಲ್ಲು ತಂದು ಮೊದಲಿನಿಂದ ಕೆತ್ತುವಷ್ಟು ಉಸಿರು ನನ್ನಲ್ಲಿ ಇಲ್ಲ,” ಎಂದ. “ಮದ್ದು ತುಂಬು ಸುಂದರ.”

“ಪೂಜೆಯ ಮೂರ್ತಿಗಾ?”

“ಪಾಪ ನನ್ನ ತಲೆಗೆ. ಭುಜದ ಚಕ್ಕೆಗಳನ್ನು ಡಬ್ಬಿಯಲ್ಲಿ ತೆಗೆದಿಟ್ಟಿದ್ದೇನೆ, ಅದನ್ನೇ ಅರೆ. ನಾನು ಇರುವವರೆಗೆ ಅವಳು ನಿಲ್ಲಲಿ. ಹೋದ ಮೇಲೆ ನೀನೇ ಹೋಗಿ ಟೀಚರಿಗೆ ಹೇಳಿ ತೆಗೆಸಬೇಕು. ಒಡಕು ಮೂರ್ತಿಗೆ ಜನ ಕೈ ಮುಗಿಯುತ್ತ ಇರಬಾರದು. ಒಪ್ಪಿಗೆಯಾ?”

ಒಪ್ಪಿದೆ. ಹಾಡಹಗಲೇ, ಅಲೆಕ್ಸಾಂಡರ್ ಗೇಟಿನಲ್ಲಿ ಯಾರದೋ ಸಮಾಧಿ ಕಲ್ಲಿನ ಅಳತೆ ಬರೆಯುತ್ತಿರುವಾಗಲೇ ತುಂಬಿದೆ. ನನ್ನ ಜನ್ಮದ ಅತ್ಯುತ್ತಮ ಕೆಲಸ ಅದು. ಮುದ್ದಣ್ಣ ಬೆರಳು ಆಡಿಸಿ ನೋಡಿ, “ಸಿಗುವುದಿಲ್ಲ,” ಎಂದ. ನನಗೆ ಹೊಗಳಿಕೆ ಎಂದರೆ ಪ್ರಾಣ. ಆ ದಿನ ಮಾತ್ರ ಬೇಡವಾಗಿತ್ತು.

ಮೇ ತಿಂಗಳಲ್ಲಿ ಪ್ರತಿಷ್ಠೆ ಆಯಿತು. ಶಿಲ್ಪಿ ಮೂರ್ತಿಯ ಕಣ್ಣು ತೆರೆಸಿ ಕೆಳಗಿಳಿದರೆ ಮುಗಿಯಿತು. ಮತ್ತೆ ಮೂರ್ತಿಯನ್ನು ಮುಟ್ಟುವ ಹಕ್ಕು ಅವನಿಗಿಲ್ಲ, ಅರ್ಚಕರಿಗೆ ಮಾತ್ರ. ಏಳು ತಿಂಗಳು ಮಗುವಿನ ಹಾಗೆ ಉಜ್ಜಿ ತೊಳೆದವ ಹೊಸಿಲಿನಾಚೆ, ಜನರ ಹಿಂದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಒಳಗೆ ಆರತಿ ಎತ್ತಿದಾಗ ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡ. ಅವನ ಬೆರಳ ಗುರುತು ವಾರ ಕಳೆದರೂ ನನ್ನ ತೋಳಿನಲ್ಲಿತ್ತು. ಹೋಗಲಿ, ಎರಡು ದಿನ.

ಆಮೇಲೆ ಅವನು ಅಂಗಳಕ್ಕೆ ಬರಲಿಲ್ಲ. ಮನೆಯಲ್ಲಿ ಮಂಚದ ಪಕ್ಕ ಆಕ್ಸಿಜನ್ ಯಂತ್ರ ಬಂತು. ನಾನು ತಿಂಗಳಿಗೊಮ್ಮೆ ಕಾಪುವಿಗೆ ಹೋಗಿ, ಸಾಲಿನಲ್ಲಿ ನಿಂತು, ಎಲ್ಲರೂ ದೇವಿಯ ಮುಖ ನೋಡುವಾಗ ನಾನು ಭುಜ ನೋಡಿ ಬಂದು ಅವನಿಗೆ ವರದಿ ಒಪ್ಪಿಸುತ್ತಿದ್ದೆ. “ಏನೂ ಇಲ್ಲ. ನಿನ್ನ ಹೆಂಡತಿಯ ಕೆನ್ನೆಯ ಹಾಗುಂಟು.” ಅಪ್ಪಿ ಸೌಟು ಎತ್ತುತ್ತಿದ್ದಳು.

ಆಗಸ್ಟಿನಲ್ಲಿ ಕಂಡಿತು. ಅಭಿಷೇಕ ಮುಗಿದು, ಒರೆಸಿ, ಅರ್ಧ ಗಂಟೆಯಾದ ಮೇಲೂ ಎಡ ಭುಜದ ಕೆಳಗೆ ಹನಿ ಮೂಡುತ್ತಿತ್ತು. ನನ್ನ ಮುಂದಿದ್ದ ಹೆಂಗಸು ನಮ್ಮ ಕಡೆ ತಿರುಗಿ ಕೆನ್ನೆ ಕೆನ್ನೆ ಬಡಿದುಕೊಂಡಳು. “ಬೆವರುತ್ತಾಳೆ! ಅಮ್ಮ ಬೆವರುತ್ತಾಳೆ!” ಎಂದು ಅವಳ ತುಟಿ ಹೇಳುವುದು ನನಗೆ ಸ್ಪಷ್ಟ ಕಂಡಿತು. ಎರಡು ವಾರದಲ್ಲಿ ಅದು ಫೋನುಗಳಲ್ಲಿ ಉಡುಪಿ ದಾಟಿ ದುಬೈ ಮುಟ್ಟಿತು. ಭಾನುವಾರ ಗುಡಿಯ ಹೊರಗೆ ಚಪ್ಪಲಿ ಇಡಲು ಜಾಗ ಇಲ್ಲ. ಬಂದವರೆಲ್ಲ ತಂದದ್ದು ಎಳನೀರು, ಹಾಲು, ಅರಸಿನ ನೀರು. ಹೊಯ್ದಷ್ಟೂ ಬೆವರು. ನವರಾತ್ರಿಗೆ ಸಾವಿರದೆಂಟು ಕಲಶದ ಅಭಿಷೇಕ ಮಾಡಲು ಸಮಿತಿ ನಿರ್ಧರಿಸಿತು.

ಸಾವಿರದೆಂಟು ಕೊಡ ನೀರು! ಮದ್ದು ಬಾಯಿ ಬಿಡಲು ಅಷ್ಟು ಬೇಕಾಗಿಯೂ ಇಲ್ಲ. ಮುದ್ದಣ್ಣ ಇನ್ನೂ ಉಸಿರಾಡುತ್ತಿದ್ದ. ನನ್ನ ತಲೆಯೊಳಗೆ ಒಂದು ಕೆಟ್ಟ ಯೋಚನೆ ಓಡಾಡುತ್ತಿತ್ತು: ಅವನು ಬೇಗ ಹೋದರೆ ಒಳ್ಳೆಯದಿತ್ತು, ಒಡೆಯುವುದನ್ನು ನೋಡುವ ಮೊದಲು. ಅವನ ಮಂಚದ ಬದಿಯಲ್ಲಿ ಕೂತು, ಅಪ್ಪಿ ಕೊಟ್ಟ ಚಹಾ ಕುಡಿಯುತ್ತ, ಅದನ್ನೇ ಯೋಚಿಸಿದ್ದೇನೆ. ಬೇರೆ ಎಲ್ಲವನ್ನೂ ದೊಡ್ಡದು ಮಾಡಿ ಹೇಳುವವ ನಾನು. ಇದು ಇದ್ದಷ್ಟೇ.

ಮರುದಿನ ಟೀಚರ ಮುಂದೆ ಹೋಗಿ ನಿಂತೆ.

“ಟೀಚರ್, ಸಾವಿರದೆಂಟು ಕಲಶ ಆಗಲಿಕ್ಕಿಲ್ಲ. ಇದು ಹೆಣ್ಣು ಕಲ್ಲು. ಹೊಸ ಹೆಣ್ಣು ಕಲ್ಲಿಗೆ ಹನ್ನೆರಡು ವರ್ಷ ತುಂಬುವವರೆಗೆ ದಿನಕ್ಕೆ ಮೂರು ತಂಬಿಗೆ ನೀರು. ಅದೂ ಉಗುರು ಬೆಚ್ಚಗೆ. ಮೀರಿದರೆ ಕಲ್ಲಿಗೆ ಶೀತ ಹಿಡಿದು ಊರಿನ ಹೆಂಗಸರಿಗೆ ತಲೆನೋವು ಬರುತ್ತದೆ.”

“ಯಾವ ಗ್ರಂಥದಲ್ಲಿ ಉಂಟು ಅದು?”

“ಗ್ರಂಥದಲ್ಲಿ ಬರೆದರೆ ಗುಟ್ಟು ಹೇಗೆ ಉಳಿಯುತ್ತದೆ, ಟೀಚರ್? ನಮ್ಮ ಅಜ್ಜನ ಅಜ್ಜನಿಂದ ಬಾಯಿಗೆ ಬಾಯಿ ಬಂದದ್ದು. ಈ ಜಿಲ್ಲೆಯಲ್ಲಿ ನನಗೊಬ್ಬನಿಗೇ ಗೊತ್ತು.”

ಟೀಚರ್ ಕನ್ನಡಕ ತೆಗೆದು ಒರೆಸಿದರು. “ಹೌದಲ್ಲ,” ಎಂದರು, “ಒಂದು ತಿಂಗಳಿನಿಂದ ನನಗೂ ತಲೆನೋವೇ.”

ಕಲಶ ರದ್ದಾಯಿತು. ಗುಡಿಯ ಗೋಡೆಗೆ ಬೋರ್ಡು ಬಂತು: ಶಿಲ್ಪಶಾಸ್ತ್ರದ ಪ್ರಕಾರ ದೇವಿಗೆ ದಿನಕ್ಕೆ ಮೂರು ತಂಬಿಗೆ ಉಗುರುಬೆಚ್ಚಗಿನ ನೀರು ಮಾತ್ರ. ಇದನ್ನು ಹೇಳಿದಾಗ ಮುದ್ದಣ್ಣ ನಗಲು ಹೋಗಿ, ಕೆಮ್ಮಿ, ನೀಲಿಯಾದ. ಅಪ್ಪಿ ನನ್ನನ್ನು ಹೊರಗೆ ದಬ್ಬಿದಳು. ಬಾಗಿಲಿನಿಂದ ತಿರುಗಿ ನೋಡಿದೆ. ಆ ಸ್ಥಿತಿಯಲ್ಲೂ ಅವನು ನನ್ನ ಕಡೆ ಮುಖ ಮಾಡಿ, ತುಟಿ ಬಿಡಿಸಿ ಬಿಡಿಸಿ, “ಶೀತ ಹಿಡಿಯುತ್ತದಾ?” ಎಂದ.

ಮುಂದಿನ ವರ್ಷದ ಆಟಿ ತಿಂಗಳಲ್ಲಿ, ಮಳೆ ಹಿಡಿದು ಹೊಡೆಯುವ ದಿನಗಳಲ್ಲಿ, ಅವನು ಹೋದ. ದೇವಿ ನಿಂತೇ ಇದ್ದಳು. ನಾವಿಬ್ಬರೂ ಬಯಸಿದ್ದು ಅದೇ, ಆದರೂ ಗೆದ್ದ ಹಾಗೆ ಅನಿಸಲಿಲ್ಲ. ಅವನ ಸಮಾಧಾನಕ್ಕೆ ಕೊಟ್ಟ ಮಾತು ಈಗ ನನ್ನ ಕುತ್ತಿಗೆಗೆ ಬಂತು.

ಹದಿಮೂರನೆಯ ದಿನದ ಕಾರ್ಯ ಕಳೆದು ಕಾಪುವಿಗೆ ಹೋದೆ. ಗುಡಿಯ ಆಫೀಸಿನಲ್ಲಿ ಟೀಚರ ಎದುರು ಕೂತು ಎಲ್ಲ ಹೇಳಿದೆ. ಕಿವಿ, ಕಲ್ಲು, ಗೆರೆ, ಮದ್ದು. ಬೆವರು ಬೆವರಲ್ಲ, ಬಿರುಕು ಕುಡಿದ ನೀರು. ಮೂರು ತಂಬಿಗೆಯ ಶಾಸ್ತ್ರ ನಾನು ಬಸ್ಸಿನಲ್ಲಿ ಕೂತು ಕಟ್ಟಿದ್ದು.

ಟೀಚರ್ ಕುರ್ಚಿ ಮುಂದೆಳೆದರು. “ನಿಮಗೆ ಕಿವಿ ಕೇಳುವುದಿಲ್ಲ ಅಂತೀರಾ?”

“ಇಲ್ಲ ಟೀಚರ್.”

“ಮತ್ತೆ ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದೀರಲ್ಲ?”

“ತುಟಿ ನೋಡಿ.”

“ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ, ಸುಂದರ,” ಎಂದರು. ಮೇಜಿನ ಮೇಲಿದ್ದ ಫೋನ್ ಎತ್ತಿ ಅಲೆಕ್ಸಾಂಡರಿಗೆ ಮಾಡಿದರು. ಅಲೆಕ್ಸಾಂಡರ್ ಎಂತ ಹೇಳಿದರೋ ನನಗೆ ಕೇಳಲಿಲ್ಲ. ಟೀಚರ ಹಣೆಯ ಗಂಟು ಬಿಚ್ಚಿದ್ದು ಕಂಡಿತು. ಕೊನೆಗೆ ನಕ್ಕೇ ಬಿಟ್ಟರು.

“ಸುಂದರನ ಮಾತಿನಲ್ಲಿ ನೂರಕ್ಕೆ ತೊಂಬತ್ತು ಬಿಟ್ಟು, ಉಳಿದದ್ದನ್ನು ಅರ್ಧ ಮಾಡಿ ಅಂದರು,” ಎಂದರು. ಮತ್ತೆ ನಗು ನಿಲ್ಲಿಸಿದರು. “ಮುದ್ದಣ್ಣ ಹೋದದ್ದು ನಿಮಗೆ ದೊಡ್ಡ ಪೆಟ್ಟು, ನನಗೆ ಅರ್ಥವಾಗುತ್ತದೆ. ಆದರೆ ಅವರು ಬದುಕಿರುವಾಗ ಸುಮ್ಮನಿದ್ದು, ಈಗ ಊರಿಗೂರೇ ಬಂದು ನೋಡುವ ಆ ಭುಜ ನನ್ನ ಕೈಯದ್ದು ಅಂತ ಹೇಳಲು ಬಂದಿದ್ದೀರಲ್ಲ, ಇದು ಚೆಂದ ಅಲ್ಲ. ಹೆಸರು ಬೇಕಾದರೆ ನಿಮ್ಮದನ್ನೂ ಬೋರ್ಡಿನಲ್ಲಿ ಹಾಕಿಸುತ್ತೇನೆ.”

“ಹೆಸರು ಬೇಡ ಟೀಚರ್. ಒಮ್ಮೆ ಮೂರ್ತಿಯನ್ನು ಮುಟ್ಟಲು ಬಿಡಿ, ತೋರಿಸುತ್ತೇನೆ.”

“ಮುಟ್ಟುವುದಾ!” ಎಂದು ಎದ್ದರು. ಅಲ್ಲಿಗೆ ಮಾತು ಮುಗಿಯಿತು. “ಊಟ ಮಾಡಿ ಹೋಗಿ.”

ಊಟಕ್ಕೆ ಹೋಗಲಿಲ್ಲ. ಸಾಲಿನಲ್ಲಿ ನಿಂತೆ. ಗೆರೆ ಎದೆ ದಾಟಿ ಸೊಂಟದ ಪಟ್ಟಿಯವರೆಗೆ ಇಳಿದಿತ್ತು. ನನ್ನ ಸರದಿ ಬಂದಾಗ ಅರ್ಚಕರು ತೀರ್ಥ ಕೊಟ್ಟು, ಬೆಳ್ಳಿಯ ಬಟ್ಟಲಿನಿಂದ ಎಂತದೋ ಕಪ್ಪು ಹುಡಿಯನ್ನು ಚಿಟಿಕೆಯಲ್ಲಿ ತೆಗೆದು ಅಂಗೈಗೆ ಹಾಕಿದರು. ಹಣೆಗೆ ಇಡಬೇಕು ಎಂದು ಸನ್ನೆ ಮಾಡಿದರು.

“ಇದೆಂತ ಭಟ್ಟರೇ?”

“ಅಮ್ಮನ ಮೈಯಿಂದ ಉದುರಿದ್ದು. ಹದಿನೈದು ದಿನ ಆಯಿತು. ಮೊದಲು ಸಾಸಿವೆಯಷ್ಟು. ಈಗ ಬಂದವರಿಗೆಲ್ಲ ಕೊಡುವಷ್ಟು ಸಿಗುತ್ತದೆ,” ಎಂದರು. ಅವರ ಮುಖದಲ್ಲಿ ಸಂತೋಷವಿತ್ತು.

ಹೆಬ್ಬೆರಳಲ್ಲಿ ಉಜ್ಜಿದೆ. ನನ್ನದೇ ಮದ್ದು, ಅಂಟು ಸತ್ತು ಹುಡಿ ಹುಡಿಯಾಗಿತ್ತು. ಮೂರ್ತಿ ನವರಾತ್ರಿಯವರೆಗೆ ನಿಂತೀತು ಎಂದು ನನ್ನ ಬಾಯಿ ಎಂದಿನಂತೆ ಮುಂದೆ ಓಡಿತು. ಬೆರಳಿಗೆ ಸಿಕ್ಕಿದ ಆಯಸ್ಸು ಅಷ್ಟಿಲ್ಲ. ಈ ಮಳೆ ನಿಲ್ಲುವವರೆಗೂ ಇಲ್ಲ.

ಹಿಂದಿನಿಂದ ಯಾರೋ ತೋಳು ಮುಟ್ಟಿದರು. ವಯಸ್ಸಾದ ಹೆಂಗಸು, ಒದ್ದೆ ಕೊಡೆ ಕಂಕುಳಲ್ಲಿ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ. ನನ್ನ ಅಂಗೈ ತೋರಿಸಿ, “ನೀವು ಹಣೆಗೆ ಇಡದಿದ್ದರೆ ನನಗೆ ಕೊಡಿ ಅಣ್ಣ, ಮಗಳು ಆಸ್ಪತ್ರೆಯಲ್ಲಿದ್ದಾಳೆ,” ಎಂದಳು.

ಹೇಳಬೇಕೆಂದು ಬಾಯಿ ತೆರೆದೆ. ಅವಳು ಆಗಲೇ ಸೆರಗಿನ ತುದಿ ಬಿಚ್ಚಿ ಹಿಡಿದಿದ್ದಳು. ಕೈ ಕೊಡವಿ ಪೂರ್ತಿ ಅದಕ್ಕೆ ಹಾಕಿದೆ.